ಸ್ವಿಚ್ ಆಫ್ ಇದ್ದರೂ ಕರೆಂಟು ಬೀಳುವುದೇಕೆ?

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಹೊರಗಿನ ಸಾಕೆಟ್‌ಗಳ ಬಗ್ಗೆಯೇ. ಜಗಲಿಯದ್ದು, ಹಿತ್ತಲಿನದ್ದು, ಕಾಂಪೌಂಡ್ ಗೋಡೆಯದ್ದು. ಹಾಗಾಗಿ ಈ ಸಲ ಫ್ಯಾನು, ಮಿಕ್ಸಿ, ಬಿಲ್ಲಿನ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಮೊದಲ ಪತ್ರ ಉದ್ದವಾಗಿದೆ. ಕತ್ತರಿಸಲು ಮನಸ್ಸಾಗಲಿಲ್ಲ. ಅವರು ಅಷ್ಟು ವಿವರ ಬರೆದಿದ್ದರಿಂದಲೇ ಇಲ್ಲಿ ಕೂತು ಉತ್ತರ ಹೇಳಲು ಸಾಧ್ಯವಾಯಿತು.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ ಮನೆ. ಕಟ್ಟಿ ಹನ್ನೆರಡು ವರ್ಷ ಆಯಿತು. ಜಗಲಿಯ ಕಂಬದಲ್ಲಿ ಒಂದು 16 ಆಂಪ್ ಸಾಕೆಟ್ ಇದೆ. ಅಡಿಕೆ ಸುಲಿಯುವ ಯಂತ್ರಕ್ಕೆ, ಗಾಡಿ ತೊಳೆಯುವ ಪಂಪಿಗೆ ಅದನ್ನೇ ಬಳಸುತ್ತೇವೆ. ಸ್ವಿಚ್ ಮಾತ್ರ ಒಳಗೆ ಹಾಲ್‌ನಲ್ಲಿದೆ. ಜೋರು ಮಳೆ ಬಂದಾಗೆಲ್ಲ ಡಿಬಿಯಲ್ಲಿರುವ (ಬ್ರೇಕರ್‌ಗಳ ಪೆಟ್ಟಿಗೆ) ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್, ಬೀಳುತ್ತದೆ. ಆಗ ಸಾಕೆಟ್‌ನಲ್ಲಿ ಏನೂ ಇರುವುದಿಲ್ಲ, ಸ್ವಿಚ್ಚೂ ಆಫ್. ಬೆಳಿಗ್ಗೆ ಗೀಸರ್ ಹಾಕಿದ ಕೂಡಲೇ ಬೀಳುವುದು ಜಾಸ್ತಿ. ಕೆಲವೊಮ್ಮೆ ಎಲ್ಲರೂ ಮಲಗಿದ ಮೇಲೂ ಬಿದ್ದಿರುತ್ತದೆ. ನಾಲ್ಕು ದಿನ ಬಿಸಿಲು ಬಂದರೆ ಎಲ್ಲ ಸರಿ. ಗೀಸರ್ ಬದಲಾಯಿಸಿದೆವು. ಆರ್‌ಸಿಸಿಬಿಯನ್ನು ಎರಡು ಸಲ ಬದಲಾಯಿಸಿದರು. ಈಗ ಬಂದವರು ಅದನ್ನು ತೆಗೆದು ‘ಡೈರೆಕ್ಟ್’ ಮಾಡೋಣ ಎನ್ನುತ್ತಿದ್ದಾರೆ. ಮಾಡಿಸಬಹುದೇ?

ಉತ್ತರ: ಮಾಡಿಸಬೇಡಿ. ಇನ್ನೊಂದು ಗೀಸರನ್ನೂ ತರಬೇಡಿ. ಸ್ವಿಚ್ ಆಫ್ ಇದ್ದರೂ ಬೀಳುತ್ತದೆ, ಗೀಸರ್ ಹಾಕಿದರೆ ಬೀಳುತ್ತದೆ ಎಂದು ಬರೆದಿದ್ದೀರಲ್ಲ, ಆ ಎರಡು ಮಾತು ಸೇರಿಸಿ ನೋಡಿದರೆ ಕಳ್ಳ ಯಾರು ಅಂತ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಅದು ನ್ಯೂಟ್ರಲ್ ತಂತಿ.

ಆರ್‌ಸಿಸಿಬಿ ಮಾಡುವ ಕೆಲಸ ತುಂಬಾ ಸರಳ. ಬೆಳಿಗ್ಗೆ ಮೇಯಲು ಹೋದ ದನ ಸಂಜೆ ಎಲ್ಲವೂ ಬಂದವೇ ಅಂತ ಕೊಟ್ಟಿಗೆ ಬಾಗಿಲಲ್ಲಿ ಎಣಿಸುತ್ತೇವಲ್ಲ, ಅಷ್ಟೇ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬರಬೇಕು. ಕಡಿಮೆ ಬಂದರೆ ಎಲ್ಲೋ ನೆಲಕ್ಕೆ ಸೋರುತ್ತಿದೆ ಎಂದು ತಿಳಿದು ಬೀಳುತ್ತದೆ. ಮನೆಗಳಿಗೆ ಹಾಕುವುದು 30 ಮಿಲಿ ಆಂಪ್‌ನದ್ದು. ಅಂದರೆ 30 ಸೋರಿದಾಗ ಅದು ಬೀಳಲೇಬೇಕು, 15ರವರೆಗೆ ಬೀಳಬಾರದು, ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಎಷ್ಟು ಸಣ್ಣ ಲೆಕ್ಕ ನೋಡಿ, 9 ವ್ಯಾಟ್‌ನ ಎಲ್‌ಇಡಿ ಬಲ್ಬು ಕೂಡ ಇದಕ್ಕಿಂತ ಜಾಸ್ತಿ ಎಳೆಯುತ್ತದೆ.

ಈಗ ನಿಮ್ಮ ಹಾಲ್‌ನ ಸ್ವಿಚ್. ನಮ್ಮ ಕಡೆಯ ಮಾಮೂಲಿ ಸ್ವಿಚ್ ಫೇಸ್ ಒಂದನ್ನೇ ಕಡಿಯುತ್ತದೆ. ಡಿಬಿಯಲ್ಲಿರುವ ಸಿಂಗಲ್ ಪೋಲ್ ಎಂಸಿಬಿಯೂ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಸಣ್ಣ ಬ್ರೇಕರ್) ಹಾಗೇ. ನೀವು ಆಫ್ ಮಾಡಿದಾಗ ಫೇಸ್ ಒಳಗೇ ನಿಲ್ಲುತ್ತದೆ. ನ್ಯೂಟ್ರಲ್ ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಕಂಬದ ಡಬ್ಬಿಯವರೆಗೆ ಹೋಗಿ ಕೂತಿರುತ್ತದೆ. ಆ ಡಬ್ಬಿಯಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಒಂದಕ್ಕೊಂದು ತಾಗಿದರೆ ಸ್ವಿಚ್ ಆಫ್ ಇದ್ದರೂ ಸೋರಿಕೆಗೆ ದಾರಿ ಸಿಕ್ಕಿತು.

ನ್ಯೂಟ್ರಲ್‌ನಲ್ಲಿ ಕರೆಂಟು ಹೊಡೆಯುವುದಿಲ್ಲ, ಅದರಿಂದ ಏನು ಸೋರುತ್ತದೆ ಅಂತ ನೀವು ಕೇಳಬಹುದು. ಟೆಸ್ಟರ್ ಇಟ್ಟರೆ ದೀಪ ಹತ್ತುವುದಿಲ್ಲ ನಿಜ. ಆದರೆ ನ್ಯೂಟ್ರಲ್ ಎಂದರೆ ಪೂರ್ತಿ ಸೊನ್ನೆ ಅಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ನಿಮ್ಮ ಮನೆಯವರೆಗೆ ಉದ್ದದ ತಂತಿ ಇದೆ. ಅದರಲ್ಲಿ ಕರೆಂಟು ಹರಿದಾಗ ಒಂದಿಷ್ಟು ವೋಲ್ಟೇಜ್ ಹುಟ್ಟುತ್ತದೆ. 2 ಕಿಲೋವ್ಯಾಟ್ ಗೀಸರ್ ಹಾಕಿದರೆ ಸುಮಾರು 9 ಆಂಪ್. ಹಳ್ಳಿ ಲೈನ್‌ನಲ್ಲಿ ಅಷ್ಟಕ್ಕೇ ನ್ಯೂಟ್ರಲ್ ಎರಡು ಮೂರು ವೋಲ್ಟ್ ಏಳುವುದು ಏನೂ ದೊಡ್ಡದಲ್ಲ. ಹೊರಗಿನ ಡಬ್ಬಿಯಲ್ಲಿ ನ್ಯೂಟ್ರಲ್ ಅರ್ತ್‌ಗೆ ಚೆನ್ನಾಗಿ ತಾಗಿದ್ದರೆ ಆ ಎರಡು ಮೂರು ವೋಲ್ಟ್ ಸಾಕು. ಗೀಸರ್‌ನಿಂದ ವಾಪಸ್ ಬರುವ ಕರೆಂಟಿನಲ್ಲಿ ಒಂದು ಪಾಲು ಆರ್‌ಸಿಸಿಬಿ ಕಡೆ ಬರದೆ ಕಂಬದ ಕಡೆಯಿಂದ ನೆಲಕ್ಕೆ ಇಳಿದುಬಿಡುತ್ತದೆ. ಲೆಕ್ಕ ತಪ್ಪುತ್ತದೆ, ಬೀಳುತ್ತದೆ. ಬೈಗುಳ ಗೀಸರ್‌ಗೆ. ರಾತ್ರಿ ಬೀಳುವುದೂ ಇದೇ ಕಥೆ. ಫ್ರಿಜ್‌ನ ಕಂಪ್ರೆಸರ್ ಎದ್ದ ಕ್ಷಣ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ಏನನ್ನೂ ಬಿಚ್ಚಬೇಕಿಲ್ಲ. ಮುಂದಿನ ಸಲ ಮಳೆಯಲ್ಲಿ ಬಿದ್ದಾಗ ಗೀಸರ್‌ನ ಎಂಸಿಬಿಯನ್ನು ಕೆಳಗೆ ಮಾಡಿ. ಆರ್‌ಸಿಸಿಬಿ ಮೇಲೆತ್ತಿ. ಒಳಗಿನ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿ. ಬಿತ್ತಾ? ಅದನ್ನು ತೆಗೆದು ವಾಟರ್ ಕೆಟಲ್ ಹಾಕಿ. ಮತ್ತೆ ಬಿತ್ತಾ? ದೊಡ್ಡ ಲೋಡ್ ಯಾವುದು ಹಾಕಿದರೂ ಬೀಳುತ್ತದೆ, ಸಣ್ಣ ಬಲ್ಬಿಗೆ ಬೀಳುವುದಿಲ್ಲ ಎಂದಾದರೆ ದೋಷ ಆ ಸಾಮಾನುಗಳಲ್ಲಿ ಇಲ್ಲ. ಗೀಸರ್ ಒಂದಕ್ಕೇ ಬಿದ್ದರೆ ಮಾತ್ರ ಗೀಸರನ್ನು ಅನುಮಾನಿಸಿ, ಅದರ ಕಾಯಿಲ್ ಒಡೆದಿರಬಹುದು.

ಮುಂದಿನದು ಪರವಾನಗಿ ಇರುವ ವೈರ್‌ಮನ್ ಮಾಡಬೇಕಾದ ಕೆಲಸ. ನೀವು ಪಕ್ಕದಲ್ಲಿ ನಿಂತು ಕೇಳಬಹುದು. ಮೇನ್ ಆಫ್ ಮಾಡಿ ಡಿಬಿ ತೆಗೆಸಿ. ಹೊರಗಿನ ಸಾಕೆಟ್‌ಗೆ ಹೋಗುವ ಲೈನ್‌ನ ಫೇಸನ್ನು ಎಂಸಿಬಿಯಿಂದ, ನ್ಯೂಟ್ರಲನ್ನು ನ್ಯೂಟ್ರಲ್ ಲಿಂಕ್‌ನಿಂದ (ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಪಟ್ಟಿ), ಎರಡನ್ನೂ ಕಳಚಿಸಿ ತುದಿ ಮುಚ್ಚಿಸಿ. ಫೇಸ್ ಒಂದನ್ನೇ ಕಳಚಿ ‘ಲೈನ್ ತೆಗೆದು ನೋಡಿದೆ, ಆಗಲೂ ಬೀಳುತ್ತೆ’ ಎನ್ನುವವರು ಬಹಳ ಜನ. ಐಟಿಐ ವರ್ಕ್‌ಶಾಪಿನಲ್ಲಿ ಇದಕ್ಕಾಗಿ ನಾನು ಹುಡುಗರನ್ನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಎರಡನ್ನೂ ಕಳಚಿದ ಮೇಲೆ ಗೀಸರ್ ಹಾಕಿ ನೋಡಿ. ಮಳೆಯಲ್ಲೂ ಆರ್‌ಸಿಸಿಬಿ ಬೀಳದೆ ನಿಂತರೆ ದೋಷ ಆ ಲೈನ್‌ನಲ್ಲೇ.

ಕಳಚಿದ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ, ಹಾಗೇ ಫೇಸ್‌ಗೂ ಅರ್ತ್‌ಗೂ ನಡುವೆ, ಮೆಗ್ಗರ್ (ತಂತಿಯ ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟು ನೋಡಲು ಹೇಳಿ. ಅದು 500 ವೋಲ್ಟ್ ಡಿಸಿ ಕೊಟ್ಟು ಅಳೆಯುತ್ತದೆ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ತಂತಿಯನ್ನು ನಂಬುವಂತಿಲ್ಲ. ಜೇಬಿನಿಂದ ಮಲ್ಟಿಮೀಟರ್ ತೆಗೆದು ‘ಎಲ್ಲ ಸರಿ ಇದೆ ಸಾರ್’ ಎಂದರೆ ಒಪ್ಪಬೇಡಿ. ಅದರ ಬ್ಯಾಟರಿಯ ಒಂದೆರಡು ವೋಲ್ಟ್‌ಗೆ ಸುಮ್ನೆ ಇರುವ ತೇವ 230 ವೋಲ್ಟ್ ಬಂದಾಗ ಸುಮ್ನೆ ಇರುವುದಿಲ್ಲ. ಇನ್ನೂ ಒಂದು ಮಾತು. ಈ ಪರೀಕ್ಷೆ ಮಳೆ ಬರುವಾಗಲೇ ಮಾಡಿಸಬೇಕು. ಬಿಸಿಲಿಗೆ ಒಣಗಿದ ಮೇಲೆ ಕರೆಸಿದರೆ ಅವರಿಗೆ ಏನೂ ಸಿಗುವುದಿಲ್ಲ. ಸಿಗದಿದ್ದಾಗ ಆರ್‌ಸಿಸಿಬಿ ಬದಲಾಯಿಸುತ್ತಾರೆ. ನಿಮ್ಮಲ್ಲಿ ಆಗಿರುವುದು ಅದೇ ಅಲ್ವಾ?

ಡಬ್ಬಿ ಬಿಚ್ಚಿದಾಗ ಏನು ಕಾಣಬಹುದು ಎಂದು ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದಿನದು ಎಂದರೆ ಕಂಬದೊಳಗೆ ಜಿಐ ತಗಡಿನ ಡಬ್ಬಿ ಇರುವ ಸಾಧ್ಯತೆ ಜಾಸ್ತಿ. ಅದಕ್ಕೆ ಅರ್ತ್ ಕೊಟ್ಟಿರುತ್ತಾರೆ, ಕೊಡಬೇಕು ಕೂಡ. ಮುಚ್ಚಳ ಹಾಕುವಾಗ ಉದ್ದದ ಸ್ಕ್ರೂ ನ್ಯೂಟ್ರಲ್ ತಂತಿಯನ್ನು ಡಬ್ಬಿಯ ಅಂಚಿಗೆ ಒತ್ತಿರುತ್ತದೆ. ಮೇಲಿನ ಪ್ಲಾಸ್ಟಿಕ್ ಕತ್ತರಿಸಿ ಒಳಗಿನ ತಾಮ್ರ ಇಷ್ಟೇ ಇಷ್ಟು ಹೊರಗೆ ಕಾಣುತ್ತಿರುತ್ತದೆ. ಬೇಸಿಗೆಯಲ್ಲಿ ನಡುವೆ ಒಣ ತುಕ್ಕು ಇರುವುದರಿಂದ ತಾಗುವುದಿಲ್ಲ. ಮಳೆ ಬಂದು ತುಕ್ಕು ನೆನೆದರೆ ತಾಗುತ್ತದೆ. ಬರೀ ನೀರಿನ ಪಸೆಯಿಂದ ಎರಡು ಮೂರು ವೋಲ್ಟ್‌ಗೆ 15 ಮಿಲಿ ಆಂಪ್ ಸೋರುವುದು ಕಷ್ಟ. ಅದಕ್ಕೇ ನಾನು ಬರಿಯ ತಾಮ್ರ ಹುಡುಕಿ ಎನ್ನುವುದು. ಹಸಿರು ಕಿಲುಬು ಹಿಡಿದ ಜಾಗ ಕಂಡರೆ ಅಲ್ಲೇ ನೋಡಿ.

ಫೇಸ್‌ನ ವಿಷಯ ಬೇರೆ. ಅಲ್ಲಿ 230 ವೋಲ್ಟ್ ಇರುವುದರಿಂದ ಬರೀ ಒದ್ದೆ ದೂಳು ಸಾಕು. ಸ್ವಿಚ್ ಆನ್ ಮಾಡಿದ ತಕ್ಷಣ, ಸಾಕೆಟ್‌ನಲ್ಲಿ ಏನೂ ಇಲ್ಲದಿದ್ದರೂ ಬೀಳುತ್ತದೆ ಎಂದರೆ ಅದು ಫೇಸ್ ಸೋರಿಕೆ. ಮಲೆನಾಡಿನ ಹೊರಗಿನ ಸಾಕೆಟ್‌ಗಳಲ್ಲಿ ಇದಕ್ಕೆ ಕಾರಣವಾಗುವ ಒಂದು ಪ್ರಾಣಿ ಇದೆ. ಕುಂಬಾರ ಹುಳ. ಸಾಕೆಟ್‌ನ ತೂತು ಅದಕ್ಕೆ ಹೇಳಿ ಮಾಡಿಸಿದ ಮನೆ. ಒಳಗೆಲ್ಲ ಮಣ್ಣು ಮೆತ್ತುತ್ತದೆ. ಮಣ್ಣು ಒಣಗಿದ್ದಷ್ಟು ದಿನ ಗೊತ್ತೇ ಆಗುವುದಿಲ್ಲ, ನೆನೆದ ದಿನ ಗೊತ್ತಾಗುತ್ತದೆ. ಇರುವೆ ಗೂಡು, ಸತ್ತ ಹಲ್ಲಿ ಇವೂ ಉಂಟು. ನಿಮ್ಮದು ಸ್ವಿಚ್ ಒಳಗಿರುವುದರಿಂದ ಆಫ್ ಮಾಡಿದರೆ ಈ ಕಾಟ ತಪ್ಪುತ್ತದೆ. ಸ್ವಿಚ್ಚೂ ಸಾಕೆಟ್ಟೂ ಒಂದೇ ಪ್ಲೇಟ್‌ನಲ್ಲಿ ಹೊರಗಿದ್ದರೆ ತಪ್ಪುವುದಿಲ್ಲ. ಆಗ ಆಫ್ ಮಾಡಿದರೂ ಸ್ವಿಚ್‌ನ ಹಿಂಬದಿಯವರೆಗೆ ಫೇಸ್ ಬಂದು ನಿಂತಿರುತ್ತದಲ್ಲ.

ನೀರು ಎಲ್ಲಿಂದ ಬಂತು ಎಂಬುದನ್ನೂ ನೋಡಿ. ಎಲ್ಲರೂ ಮುಂದಿನಿಂದ ಎರಚಲು ಬಡಿಯಿತು ಎಂದುಕೊಳ್ಳುತ್ತಾರೆ. ಜಗಲಿಯ ಕಂಬದಲ್ಲಿ ಹೆಚ್ಚಾಗಿ ನೀರು ಬರುವುದು ಮೇಲಿನಿಂದ, ತಂತಿ ಇಳಿಸಿದ ಪೈಪಿನೊಳಗಿಂದ. ತಾರಸಿಯಲ್ಲಿ ಬಿರುಕು ಇದ್ದರೆ ಸ್ಲ್ಯಾಬ್‌ನೊಳಗಿನ ಪಿವಿಸಿ ಪೈಪೇ ನೀರಿನ ಕಾಲುವೆ ಆಗುತ್ತದೆ. ಡಬ್ಬಿಯ ಮೇಲಿನ ತೂತಿನಿಂದ ಕೆಳಕ್ಕೆ ಕಲೆ ಇಳಿದಿದ್ದರೆ ಇದೇ. ಆಗ ಎಷ್ಟು ಒಳ್ಳೆಯ ಮುಚ್ಚಳ ಹಾಕಿದರೂ ವ್ಯರ್ಥ. ತಾರಸಿ ಸರಿ ಮಾಡಿಸಬೇಕು, ಇಲ್ಲವೇ ಆ ಪೈಪನ್ನು ಬಿಟ್ಟು ಗೋಡೆಯ ಮೇಲೆ ಕೆಳಗಿನಿಂದ ಡಬ್ಬಿಗೆ ಬರುವ ಹಾಗೆ ಹೊಸ ಲೈನ್ ಎಳೆಸಬೇಕು.

ಹೊಸದಾಗಿ ಮಾಡಿಸುವುದಾದರೆ ನನ್ನ ಸಲಹೆ ಹೀಗೆ. ತಗಡಿನ ಡಬ್ಬಿ ಬಿಟ್ಟು ಗೋಡೆಯ ಮೇಲೆ ಕೂರುವ ಪ್ಲಾಸ್ಟಿಕ್‌ನ ವೆದರ್‌ಪ್ರೂಫ್ ಡಬ್ಬಿ, ಐಪಿ 55 ಅಥವಾ ಅದಕ್ಕಿಂತ ಮೇಲಿನದು. ಎರಡನೇ ಅಂಕೆ ನೀರಿಗೆ ಸಂಬಂಧಿಸಿದ್ದು, ಅದನ್ನು ನೋಡಿ. ಅಂಗಡಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಪ್ಲಗ್ ಚುಚ್ಚಿದ ಮೇಲೂ ಮುಚ್ಚಳ ಹಾಕಿಕೊಳ್ಳುತ್ತದೆಯೇ? ಬಹಳಷ್ಟು ಡಬ್ಬಿಗಳಲ್ಲಿ ಬರೆದ ಅಂಕೆ ಮುಚ್ಚಳ ಹಾಕಿದಾಗಿನದ್ದು. ಯಂತ್ರ ಓಡುವಾಗ ಬಾಯಿ ತೆರೆದುಕೊಂಡೇ ಇರುತ್ತದೆ. ಸುತ್ತ ಸಿಲಿಕೋನ್ ಹಚ್ಚುವುದಾದರೆ ಮೇಲೆ ಮತ್ತು ಎರಡು ಪಕ್ಕ ಮಾತ್ರ. ಕೆಳಗೆ ಬಿಡಿ. ನಿಮ್ಮ ಕಡೆಯ ಹವೆಗೆ ಒಳಗೇ ನೀರು ಹನಿಗಟ್ಟುತ್ತದೆ, ಅದು ಇಳಿದು ಹೋಗಲು ದಾರಿ ಬೇಕು.

ಹಾಲ್‌ನ ಸ್ವಿಚ್ ತೆಗೆದು ಡಬಲ್ ಪೋಲ್ ಸ್ವಿಚ್ ಹಾಕಿಸಿ. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ನಾಳೆ ಹೊರಗೆ ಮತ್ತೆ ಏನಾದರೂ ಆದರೂ ಸ್ವಿಚ್ ಆಫ್ ಇದ್ದರೆ ಒಳಗೆ ಫ್ರಿಜ್ ನಿಲ್ಲುವುದಿಲ್ಲ. ಇನ್ನೂ ಸ್ವಲ್ಪ ಖರ್ಚು ಮಾಡುವುದಾದರೆ ಹೊರಗಿನ ಲೈನ್‌ಗೇ ಬೇರೆ 30 ಮಿಲಿ ಆಂಪ್ ಆರ್‌ಸಿಬಿಓ (ಆರ್‌ಸಿಸಿಬಿ, ಎಂಸಿಬಿ ಎರಡೂ ಒಂದರಲ್ಲೇ ಇರುವುದು) ಹಾಕಿಸಬಹುದು. ಆದರೆ ಅದಕ್ಕೆ ಕರೆಂಟು ಈಗಿನ ಆರ್‌ಸಿಸಿಬಿಗಿಂತ ಮುಂಚೆ ತೆಗೆದುಕೊಳ್ಳಬೇಕು. ಅದರ ನಂತರ ಹಾಕಿದರೆ ಯಾವುದು ಮೊದಲು ಬೀಳುತ್ತದೆ ಎಂದು ಹೇಳಲಾಗದು, ಎರಡೂ ಬೀಳಬಹುದು. ಹೊರಗಿನ ಲೈನ್‌ನ ನ್ಯೂಟ್ರಲ್ ಕೂಡ ಆ ಆರ್‌ಸಿಬಿಓಗೇ ಹೋಗಬೇಕು, ಹಳೆಯ ನ್ಯೂಟ್ರಲ್ ಲಿಂಕ್‌ಗೆ ಅಲ್ಲ.

ಕಡೆಗೆ ‘ಡೈರೆಕ್ಟ್’ ವಿಷಯ. ತೆಗೆದರೆ ಬೀಳುವುದು ನಿಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಸೋರಿಕೆ ನಿಲ್ಲುವುದಿಲ್ಲ. ಇಂದು ಸೋರುತ್ತಿರುವುದು ನ್ಯೂಟ್ರಲ್. ಅದೇ ಡಬ್ಬಿಯಲ್ಲಿ ಅದೇ ತುಕ್ಕಿನ ಪಕ್ಕ ಫೇಸೂ ಇದೆ. ಜಗಲಿಯಲ್ಲಿ ಬರಿಗಾಲು, ಒದ್ದೆ ಕೈ, ಕಬ್ಬಿಣದ ಯಂತ್ರ. ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ. ಮನುಷ್ಯನ ಮೈಯಿಂದ ಹೋಗುವ ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ. 30ರ ಬದಲು 100 ಮಿಲಿ ಆಂಪ್‌ನದ್ದು ಹಾಕೋಣ ಎನ್ನುವವರೂ ಬರುತ್ತಾರೆ. 100, 300 ಇರುವುದು ಬೆಂಕಿ ತಡೆಯಲು, ಜನರನ್ನು ಉಳಿಸಲು ಅಲ್ಲ. ಅವರಿಗೂ ಟೀ ಕೊಟ್ಟು ಕಳಿಸಿ.

ಪ್ರಶ್ನೆ: ಧಾರವಾಡದಲ್ಲಿ ನಮ್ಮದು ಹಳೇ ಮನೆ. ಹಿತ್ತಲ ಸಾಕೆಟ್‌ಗೆ ಅರ್ತ್ ತಂತಿ ಇಲ್ಲ. ಅದಕ್ಕೆ ಎಲೆಕ್ಟ್ರಿಷಿಯನ್ ಸಾಕೆಟ್‌ನ ಒಳಗೇ ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದು ತುಂಡು ತಂತಿ ಜೋಡಿಸಿದ್ದಾರೆ. ಹೊಸದಾಗಿ ಆರ್‌ಸಿಸಿಬಿ ಹಾಕಿಸಿದ ಮೇಲೆ ಮೇವು ಕತ್ತರಿಸುವ ಯಂತ್ರ ಹಾಕಿದರೆ ಬೀಳುತ್ತದೆ. ಹಲಗೆ ಮೇಲಿಟ್ಟರೆ ಬೀಳುವುದಿಲ್ಲ. ಯಂತ್ರದಲ್ಲಿ ದೋಷ ಇದೆಯೇ?

ಉತ್ತರ: ಯಂತ್ರ ಸರಿ ಇದೆ. ಆ ತುಂಡು ತಂತಿಯನ್ನು ಇವತ್ತೇ ತೆಗೆಸಿ. ಅದರ ದೆಸೆಯಿಂದ ಯಂತ್ರದ ಕಬ್ಬಿಣದ ಮೈ ಎಂದರೆ ನ್ಯೂಟ್ರಲ್ ಎಂದೇ ಆಗಿದೆ. ಹಸಿ ನೆಲದ ಮೇಲಿಟ್ಟರೆ ನ್ಯೂಟ್ರಲ್ ಕರೆಂಟಿನ ಒಂದು ಪಾಲು ನೆಲಕ್ಕೆ ಹೋಗುತ್ತದೆ, ಬೀಳುತ್ತದೆ. ಹಲಗೆ ಆ ದಾರಿ ತಪ್ಪಿಸುತ್ತದೆ, ಆರ್‌ಸಿಸಿಬಿ ಬೀಳದೆ ನಿಲ್ಲುತ್ತದೆ. ನೀವು ಹಲಗೆ ಇಟ್ಟು ನೋಡಿದ್ದು ಜಾಣತನ, ಆದರೆ ಅದನ್ನೇ ಪರಿಹಾರ ಮಾಡಿಕೊಳ್ಳಬೇಡಿ. ನ್ಯೂಟ್ರಲ್ ಎಲ್ಲಾದರೂ ಕಳಚಿತು ಅನ್ನಿ. ಮೋಟರ್‌ನ ಮೂಲಕ ಬಂದ ಫೇಸ್ ವಾಪಸ್ ಹೋಗಲು ದಾರಿ ಇಲ್ಲದೆ ಯಂತ್ರದ ಮೈಮೇಲೆ ನಿಲ್ಲುತ್ತದೆ. ಯಾರಾದರೂ ಫೇಸ್ ನ್ಯೂಟ್ರಲ್ ಅದಲು ಬದಲು ಮಾಡಿದರಂತೂ ಸ್ವಿಚ್ ಹಾಕಿದ ಕ್ಷಣವೇ ಮೈಯೆಲ್ಲ 230 ವೋಲ್ಟ್. ಡಿಬಿಯ ಅರ್ತ್‌ನಿಂದ ಹಿತ್ತಲಿಗೆ ಹಸಿರು ತಂತಿ ಎಳೆಸಿ. ಡಿಬಿಗೇ ಅರ್ತ್ ಇಲ್ಲದಿದ್ದರೆ ಮೊದಲು ಗುಂಡಿ ತೋಡಿಸಿ. ಅರ್ತ್ ಇಲ್ಲದೆಯೂ ಆರ್‌ಸಿಸಿಬಿ ಬೀಳುತ್ತದೆ, ಆದರೆ ಯಾರಾದರೂ ಮುಟ್ಟಿದ ಮೇಲೆ. ಅರ್ತ್ ಇದ್ದರೆ ಮುಟ್ಟುವ ಮುಂಚೆಯೇ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ಕಾಂಪೌಂಡ್ ಪಕ್ಕದ ಸಾಕೆಟ್‌ನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುತ್ತೇನೆ. ಮಳೆ ಇರಲಿ ಬಿಡಲಿ, ಸಂಪ್ ಮೋಟರ್ ಓಡುವ ಹೊತ್ತಿಗೆ ಹಾಕಿದರೆ ಅರ್ಧ ಗಂಟೆಯ ಸುಮಾರಿಗೆ ಟ್ರಿಪ್ ಆಗುತ್ತದೆ. ಮಾಲೀಕರು ನಿನ್ನ ಚಾರ್ಜರ್ ಸರಿ ಇಲ್ಲ ಎನ್ನುತ್ತಾರೆ.

ಉತ್ತರ: ಬಿದ್ದದ್ದು ಯಾವುದು? ಅದನ್ನು ನೀವು ಬರೆದಿಲ್ಲ. ಟೆಸ್ಟ್ ಬಟನ್ ಇರುವುದು ಆರ್‌ಸಿಸಿಬಿ, ಇಲ್ಲದ ಸಣ್ಣದು ಎಂಸಿಬಿ. ಅರ್ಧ ಗಂಟೆ ತಡೆದು ಬೀಳುತ್ತದೆ ಎಂದಿದ್ದರಿಂದ ಎಂಸಿಬಿ ಎಂದೇ ಲೆಕ್ಕ ಹಾಕುತ್ತೇನೆ. ಶಾರ್ಟ್ ಆದರೆ ತಕ್ಷಣ ಬೀಳುತ್ತದೆ. ತಡೆದು ಬೀಳುವುದು ಲೋಡ್ ಜಾಸ್ತಿಯಾಗಿ ಬಿಸಿಯಾದಾಗ. ಎಂಸಿಬಿ ತನ್ನ ಅಂಕೆಯ 1.13 ಪಟ್ಟಿಗೆ ಒಂದು ಗಂಟೆಯವರೆಗೆ ಬೀಳಬಾರದು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಲೇಬೇಕು. 6 ಆಂಪ್‌ನದ್ದಾದರೆ 8.7ಕ್ಕೆ ಬೀಳಬೇಕು. 1 ಎಚ್‌ಪಿ ಮೋಟರ್ ಐದಾರು ಆಂಪ್, ಸ್ಕೂಟರ್ ಚಾರ್ಜರ್ ಮೂರು ನಾಲ್ಕು ಆಂಪ್. ಕೂಡಿಸಿ ನೋಡಿ. ಚಾರ್ಜರ್ ತಪ್ಪೂ ಇಲ್ಲ, ಮಾಲೀಕರ ತಪ್ಪೂ ಇಲ್ಲ. ಲೈಟಿಗೆಂದು ಎಳೆದ ಲೈನ್‌ನಲ್ಲಿ ಇಬ್ಬರೂ ಕೂತಿದ್ದೀರಿ.

6 ತೆಗೆದು 16 ಹಾಕಿದರೆ ಬೀಳುವುದಿಲ್ಲ, ಗೋಡೆಯೊಳಗಿನ ತೆಳು ತಂತಿ ಕಾಯುತ್ತದೆ. ಹಾಗೆ ಮಾಡಬೇಡಿ. ಚಾರ್ಜಿಂಗ್‌ಗೆ ಮೀಟರ್ ಬೋರ್ಡ್‌ನಿಂದ ಬೇರೆ ಲೈನ್ ಬೇಕು: 4 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪ್ ಎಂಸಿಬಿ, 16 ಆಂಪ್ ಸಾಕೆಟ್, ಎ ಟೈಪ್‌ನ 30 ಮಿಲಿ ಆಂಪ್ ಆರ್‌ಸಿಸಿಬಿ. ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಎಸಿ ಟೈಪ್. ಚಾರ್ಜರ್‌ನಂಥ ಸಾಮಾನಿನಿಂದ ಬರುವ ಒಂದೇ ದಿಕ್ಕಿನ ಮಿಡಿತದ ಸೋರಿಕೆಯನ್ನು ಅದು ಗುರುತಿಸದೆ ಹೋಗಬಹುದು. ಅಲ್ಲಿಯವರೆಗೆ ಮೋಟರ್ ನಿಂತ ಮೇಲೆ ಚಾರ್ಜ್‌ಗೆ ಹಾಕಿ. ಒಂದು ಗಂಟೆ ಬಿಟ್ಟು ಪ್ಲಗ್‌ನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಕೈ ಇಡಲಾರದಷ್ಟು ಬಿಸಿ ಇದ್ದರೆ ಸಾಕೆಟ್ ಸಡಿಲ, ಅದನ್ನು ಬಳಸುವುದೇ ಬೇಡ.

ಪ್ರಶ್ನೆ: ಕುಂದಾಪುರ ಕಡೆ ನಮ್ಮ ಮನೆ. ದೀಪಾವಳಿಯಿಂದ ತುಳಸಿ ಪೂಜೆವರೆಗೆ ಅಂಗಳಕ್ಕೆಲ್ಲ ಸೀರಿಯಲ್ ಸೆಟ್ ಹಾಕುತ್ತೇವೆ. ಇಬ್ಬನಿ ಬಿದ್ದ ರಾತ್ರಿ ಟ್ರಿಪ್ ಆಗುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗುತ್ತದೆ.

ಉತ್ತರ: ನೆಲದ ಮೇಲೆ ಬಿದ್ದಿರುವ ಜಾಯಿಂಟ್‌ಗಳನ್ನು ನೋಡಿ. ಒಂದು ಸೆಟ್‌ನಿಂದ ಇನ್ನೊಂದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಹುಲ್ಲಿನಲ್ಲಿ ಬಿಟ್ಟಿರುತ್ತೀರಿ, ಅಲ್ವಾ? ಟೇಪ್ ನೀರು ತಡೆಯುವುದಿಲ್ಲ, ಹಿಡಿದಿಡುತ್ತದೆ. ನಿಮ್ಮ ಕಡೆ ಅದಕ್ಕೆ ಉಪ್ಪಿನ ಗಾಳಿಯೂ ಸೇರುತ್ತದೆ. ಕಬ್ಬಿಣದ ಗ್ರಿಲ್‌ಗೆ ಸುತ್ತಿದ ಕಡೆ ತಂತಿ ಸವೆದಿದೆಯಾ ಅಂತಲೂ ನೋಡಿ. ತುಳಸಿ ಕಟ್ಟೆಯ ಹತ್ತಿರ ಹೆಂಗಸರು, ಮಕ್ಕಳು ನೀರೆರೆದು ಬರಿಗಾಲಲ್ಲಿ ಸುತ್ತುತ್ತಾರೆ. ಅಲ್ಲಿಗಾದರೂ 230 ವೋಲ್ಟ್‌ನ ಸೆಟ್ ಬೇಡ. 12 ಅಥವಾ 24 ವೋಲ್ಟ್‌ನ ಅಡಾಪ್ಟರ್ ಇರುವ ಸರ ತನ್ನಿ, ಅಡಾಪ್ಟರ್ ಮನೆಯೊಳಗೆ ಇರಲಿ.

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಊರಿನ ಪತ್ರಿಕೆ ಇಲ್ಲಿಂದಲೂ ಓದುತ್ತೇವೆ. ಹಳೇ ಮನೆ ಕೊಂಡಿದ್ದೇವೆ. ಹಿಂದಿನ ಡೆಕ್‌ನ ಔಟ್‌ಲೆಟ್‌ನಲ್ಲಿ ಕರೆಂಟೇ ಇಲ್ಲ. ಬ್ರೇಕರ್ ಬಿದ್ದಿಲ್ಲ. ಔಟ್‌ಲೆಟ್‌ನಲ್ಲಿ ರೀಸೆಟ್ ಬಟನ್ ಕೂಡ ಇಲ್ಲ. ಇಲ್ಲಿ ಎಲೆಕ್ಟ್ರಿಷಿಯನ್ ಬಂದರೆ ಬಾಗಿಲು ದಾಟುವ ಮೊದಲೇ ಬಿಲ್ ಶುರು.

ಉತ್ತರ: ಕರೆಸುವ ಮೊದಲು ಮನೆಯಿಡೀ ಒಂದು ಸುತ್ತು ಹಾಕಿ. ಗ್ಯಾರೇಜ್, ಬೇಸ್‌ಮೆಂಟ್, ಎಲ್ಲ ಬಾತ್‌ರೂಮ್. ಟೆಸ್ಟ್, ರೀಸೆಟ್ ಎಂಬ ಎರಡು ಗುಂಡಿ ಇರುವ ಔಟ್‌ಲೆಟ್ ಎಲ್ಲೋ ಬಿದ್ದಿರುತ್ತದೆ. ಗ್ಯಾರೇಜ್‌ನಲ್ಲಿ ಹಳೇ ಪೆಟ್ಟಿಗೆಗಳ ಹಿಂದೆ ಹುಡುಕುವುದು ಮರೆಯಬೇಡಿ. ನಿಮ್ಮಲ್ಲಿ ಅದನ್ನು ಜಿಎಫ್‌ಸಿಐ ಎನ್ನುತ್ತಾರೆ. ನಮ್ಮ ಆರ್‌ಸಿಸಿಬಿ ಮಾಡುವ ಲೆಕ್ಕವನ್ನೇ ಅದೂ ಮಾಡುತ್ತದೆ. ನಮ್ಮಲ್ಲಿ ಒಂದೇ ಆರ್‌ಸಿಸಿಬಿ ಡಿಬಿಯಲ್ಲಿ ಕೂತು ಇಡೀ ಮನೆಗೆ ಕಾವಲು, ನಿಮ್ಮಲ್ಲಿ ಅದು ಹೆಚ್ಚಾಗಿ ಔಟ್‌ಲೆಟ್‌ನೊಳಗೇ ಇರುತ್ತದೆ. ಅಮೆರಿಕದಲ್ಲಿ ಮನೆಗಳ ಹೊರಗಿನ ಔಟ್‌ಲೆಟ್‌ಗಳಿಗೆ ಇದು ಕಡ್ಡಾಯ ಆದದ್ದು 1973ರಲ್ಲಿ. ಆಗ ಇದರ ಬೆಲೆ ಜಾಸ್ತಿ ಇದ್ದುದರಿಂದ ಬಿಲ್ಡರ್‌ಗಳು ಬಾತ್‌ರೂಮಿನಲ್ಲೋ ಗ್ಯಾರೇಜಿನಲ್ಲೋ ಒಂದು ಹಾಕಿ, ಅದರ ಲೋಡ್ ಎಂದು ಬರೆದ ಕಡೆಯಿಂದ ತಂತಿ ಎಳೆದು ಹೊರಗಿನ ಮಾಮೂಲಿ ಔಟ್‌ಲೆಟ್‌ಗೆ ಕೊಡುತ್ತಿದ್ದರು. ನಿಮ್ಮದೂ ಅಂಥದ್ದೇ ಇರಬೇಕು.

ಸಿಕ್ಕಿದ ಮೇಲೆ ರೀಸೆಟ್ ಒತ್ತಿ. ನಿಂತರೆ ಸರಿ. ನಿಲ್ಲದಿದ್ದರೆ ಡೆಕ್‌ನ ಔಟ್‌ಲೆಟ್ ಒದ್ದೆಯಾಗಿದೆ ಎಂದುಕೊಂಡು ಒಣಗಲು ಬಿಟ್ಟು ನೋಡಿ. ನಿಮ್ಮದು ನಮ್ಮದಕ್ಕಿಂತ ಬಲು ಸೂಕ್ಷ್ಮ. ಇಲ್ಲಿ 30 ಮಿಲಿ ಆಂಪ್ ಆದರೆ ಅಲ್ಲಿ 4ರಿಂದ 6ಕ್ಕೇ ಬೀಳುತ್ತದೆ. ಉದ್ದದ ಹಳೇ ಎಕ್ಸ್‌ಟೆನ್ಷನ್ ಕಾರ್ಡ್ ಹುಲ್ಲಿನ ಮೇಲೆ ನೆನೆದರೂ ಸಾಕು. ಬದಲಾಯಿಸುವುದಾದರೆ ಡಬ್ಲ್ಯೂಆರ್ ಎಂದು ಗುರುತು ಇರುವುದನ್ನು ಹಾಕಿಸಿ, ಅದು ಹೊರಗಿನ ಹವೆಗೆ ಮಾಡಿದ್ದು. ಮೇಲೆ ಉಬ್ಬಿದ ಪ್ಲಾಸ್ಟಿಕ್ ಮುಚ್ಚಳ ಇರಲಿ, ಪ್ಲಗ್ ಚುಚ್ಚಿದ ಮೇಲೂ ಮುಚ್ಚಿಕೊಳ್ಳುವಂಥದ್ದು. ಅಂದ ಹಾಗೆ ಇದನ್ನು 1961ರಲ್ಲಿ ಕಂಡುಹಿಡಿದ ಚಾರ್ಲ್ಸ್ ಡಾಲ್‌ಝೀಲ್ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದವರು. ನಮ್ಮ ಕಸುಬಿನವರೇ ಎಂದು ನನಗೆ ಸ್ವಲ್ಪ ಹೆಮ್ಮೆ.

ಪ್ರಶ್ನೆ: ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಟಿವಿ, ಫ್ರಿಜ್ ಹಾಳಾಗುತ್ತದೆ ಎಂದು ನಮ್ಮ ಮನೆಯವರು ಮುಟ್ಟಲು ಬಿಡುವುದಿಲ್ಲ. (ಮಂಡ್ಯದ ಓದುಗರು)

ಉತ್ತರ: ಏನೂ ಹಾಳಾಗುವುದಿಲ್ಲ. ಕರೆಂಟು ಹೋದ ಹಾಗೆ ಹೋಗುತ್ತದೆ, ಮಂಡ್ಯದಲ್ಲಿ ಅದು ಹೊಸದೇನಲ್ಲ ತಾನೆ. ಕಂಪ್ಯೂಟರ್ ಇದ್ದರೆ ಮೊದಲು ಆಫ್ ಮಾಡಿ. ತಿಂಗಳಿಗೊಮ್ಮೆ ಒತ್ತಿ. ಬಿದ್ದರೆ ಮೇಲೆತ್ತಿ. ಫ್ರಿಜ್ ಮಾತ್ರ ಐದು ನಿಮಿಷ ಬಿಟ್ಟು ಹಾಕಿ. ಒತ್ತಿದರೂ ಬೀಳದಿದ್ದರೆ, ಆಗ ಮನೆಯಲ್ಲಿ ಕರೆಂಟು ಇದ್ದದ್ದು ನಿಜವಾದರೆ, ಅದು ಕೆಟ್ಟಿದೆ. ಅದೇ ದಿನ ಬದಲಾಯಿಸಿ. ಈ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ. ನಿಮ್ಮ ಅರ್ತ್ ಸರಿ ಇದೆಯೇ ಎಂಬುದನ್ನು ಅದು ಹೇಳುವುದಿಲ್ಲ, ಅರ್ತ್ ಇಲ್ಲದ ಮನೆಯಲ್ಲೂ ಒತ್ತಿದರೆ ಬೀಳುತ್ತದೆ. ಅದನ್ನು ವೈರ್‌ಮನ್ ಬಂದಾಗ ಅರ್ತ್ ಟೆಸ್ಟರ್ ಇಟ್ಟು ಬೇರೆಯಾಗಿಯೇ ನೋಡಿಸಬೇಕು.